ಹಳೆ ಧರ್ಮಾಸ್ಪತ್ರೆಯ ಔಷಧ ಭರಣಿಗಳನ್ನು ನೋಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಈಗ ಮಗ ಜರ್ಮನಿಯಲ್ಲಿ, ಇಲ್ಲವೇ ಮಗಳು ಫ್ರಾನ್ಸಿನಲ್ಲಿ. ಬೇಸಿಗೆ ಬಂತೆಂದರೆ ಅಪ್ಪ-ಅವ್ವ ವೀಸಾ ಮಾಡಿಸಿಕೊಂಡು ಹೊರಡುತ್ತಾರೆ. ಅಲ್ಲಿ ಕೋಟೆ, ಚರ್ಚು, ಸೇತುವೆ ಎಲ್ಲ ತೋರಿಸಿದ ಮೇಲೆ ಮಕ್ಕಳು ಒಂದು ಹಳೆ ಔಷಧಶಾಲೆಗೂ ಕರೆದುಕೊಂಡು ಹೋಗುತ್ತಾರೆ. ಫ್ರಾನ್ಸಿನ ಬೋನ್ ಊರಿನ ಹಳೆ ಆಸ್ಪತ್ರೆ, ಬೆಲ್ಜಿಯಂನ ಬ್ರೂಜ್ ಊರಿನ ಸೇಂಟ್ ಜಾನ್ ಆಸ್ಪತ್ರೆ, ಜರ್ಮನಿಯ ಹೈಡೆಲ್‌ಬರ್ಗ್ ಕೋಟೆಯೊಳಗಿನ ಔಷಧ ಸಂಗ್ರಹಾಲಯ, ಇಂಥ ಕಡೆ. ಗೋಡೆ ತುಂಬ ಕಪಾಟು, ಕಪಾಟಿನ ತುಂಬ ಭರಣಿ, ಭರಣಿಯ ಮೇಲೆ ಅರ್ಥವಾಗದ ಅಕ್ಷರ. ಒಂದು ಫೋಟೋ ತೆಗೆದು ಹೊರಗೆ ಬಂದುಬಿಡುತ್ತಾರೆ.

ಗದಗಿನ ನಮ್ಮ ನೆರೆಮನೆಯ ಕಾಕಾ ನನ್ನನ್ನು ಕೇಳಿದ್ದೂ ಇದನ್ನೇ: "ಹಳೇ ಡಬ್ಬಿ ಅದಾವು ಅಷ್ಟ. ಅದರಾಗ ನೋಡೂದೇನೈತಿ?" ನೋಡುವುದು ಬಹಳ ಇದೆ. ಆ ಭರಣಿಗಳಲ್ಲಿದ್ದ ಎಷ್ಟೋ ಸಾಮಾನು ನಮ್ಮ ಅಡುಗೆಮನೆಯಲ್ಲಿದೆ, ಬಾಣಂತಿ ಕೋಣೆಯಲ್ಲಿದೆ, ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿದೆ. ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಸಾಕು, ಆ ಕಪಾಟನ್ನು ನಮ್ಮವರಷ್ಟು ಚೆನ್ನಾಗಿ ಓದುವವರು ಬೇರೆ ಸಿಗಲಿಕ್ಕಿಲ್ಲ.

ಔಷಧಶಾಲೆಯವನ ಕೆಲಸ ಏನಿತ್ತು?

ಈಗ ನಾವು ಚೀಟಿ ತೋರಿಸಿ ಮಾತ್ರೆ ತರುತ್ತೇವೆ. ಅದು ಎಲ್ಲೋ ಕಾರ್ಖಾನೆಯಲ್ಲಿ ತಯಾರಾಗಿ ಬಂದಿರುತ್ತದೆ. ಇನ್ನೂರು ವರ್ಷದ ಹಿಂದೆ ಹಾಗಿರಲಿಲ್ಲ. ವೈದ್ಯ ರೋಗಿಯನ್ನು ನೋಡಿ ಏನು ಕೊಡಬೇಕು ಅಂತ ಬರೆಯುತ್ತಿದ್ದ. ಅದನ್ನು ಓದಿ, ಬೇರು-ತೊಗಟೆ ತೂಗಿ, ಕುಟ್ಟಿ, ಕುದಿಸಿ, ಸೋಸಿ, ಔಷಧ ಮಾಡಿ ಕೊಡುವವನು ಬೇರೆಯವನು. ಅವನನ್ನೇ ಯುರೋಪಿನಲ್ಲಿ ಅಪೋಥೆಕರಿ ಎನ್ನುತ್ತಿದ್ದರು. ಈ ಇಬ್ಬರ ಕೆಲಸ ಬೇರೆ ಬೇರೆ ಇರಬೇಕು, ಒಬ್ಬರು ಇನ್ನೊಬ್ಬರ ವ್ಯಾಪಾರದಲ್ಲಿ ಪಾಲುದಾರರಾಗಬಾರದು ಅಂತ 13ನೇ ಶತಮಾನದಲ್ಲೇ ಚಕ್ರವರ್ತಿ 2ನೇ ಫ್ರೆಡ್ರಿಕ್ ತನ್ನ ಸಿಸಿಲಿ ರಾಜ್ಯದಲ್ಲಿ ಕಾನೂನು ಮಾಡಿದ್ದ. ಔಷಧ ಮಾರುವವನೇ ಔಷಧ ಬರೆದರೆ ಏನಾಗುತ್ತದೆ ಎಂಬ ಚಿಂತೆ ಅಷ್ಟು ಹಳೆಯದು.

ನಮ್ಮಲ್ಲಿ ಐವತ್ತು-ಅರವತ್ತು ದಾಟಿದವರಿಗೆ ಈ ಪದ್ಧತಿ ಹೊಸದಲ್ಲ. ದವಾಖಾನಿಗೆ ಹೋಗುವಾಗ ಖಾಲಿ ಬಾಟ್ಲಿ ಮನೆಯಿಂದಲೇ ಒಯ್ಯಬೇಕಿತ್ತು. ಡಾಕ್ಟರು ಬರೆದ ಚೀಟಿ ಸಣ್ಣ ಕಿಂಡಿಯೊಳಗೆ ಹೋಗುತ್ತಿತ್ತು. ಒಳಗಿನಿಂದ ಕಂಪೌಂಡರ್ ಎರಡು-ಮೂರು ದೊಡ್ಡ ಸೀಸೆಗಳಿಂದ ಅಳೆದು ಸುರಿದು, ಅಲ್ಲಾಡಿಸಿ, ಬಾಟ್ಲಿಯ ಹೊಟ್ಟೆಗೆ ಒಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಆ ಪಟ್ಟಿಯ ಅಂಚನ್ನು ಕತ್ತರಿಯಿಂದ ಗರಗಸದಂತೆ ಕತ್ತರಿಸಿರುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಓದು ಬಾರದವರೂ ತಪ್ಪದೆ ಕುಡಿಯಲಿ ಎಂದು ಮಾಡಿದ ಏರ್ಪಾಡು ಅದು. ನನಗೆ ಈಗಲೂ ಅದು ಬಹಳ ಜಾಣತನದ್ದು ಅನ್ನಿಸುತ್ತದೆ. ಯುರೋಪಿನ ಹಳೆ ಔಷಧಶಾಲೆಯ ಮುಂದೆ ನಿಂತಾಗ ಆ ಕಂಪೌಂಡರ್ ಕೋಣೆಯನ್ನು ನೆನಪಿಸಿಕೊಂಡರೆ ಅರ್ಧ ವಿಷಯ ತಾನಾಗಿ ತಿಳಿಯುತ್ತದೆ.

ಬಡವರ ಆಸ್ಪತ್ರೆಗೆ ದುಡ್ಡು ಎಲ್ಲಿಂದ ಬಂತು?

ಬೋನ್ ಊರಿನ ಆಸ್ಪತ್ರೆಯನ್ನೇ ತೆಗೆದುಕೊಳ್ಳೋಣ. ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿದೆ. 1443ರಲ್ಲಿ ಬರ್ಗಂಡಿಯ ದೊರೆಯ ಮಂತ್ರಿ ನಿಕೊಲಾ ರೋಲಾಂ ಮತ್ತು ಅವನ ಹೆಂಡತಿ ಗೀಗೋನ್ ಸೇರಿ ಇದನ್ನು ಕಟ್ಟಿಸಲು ಮುಂದಾದರು. ಆಗ ಆ ನಾಡು ಯುದ್ಧ, ಬರ, ಪ್ಲೇಗುಗಳಿಂದ ಸೊರಗಿತ್ತು. 1452ರ ಜನವರಿ 1ರಂದು ಮೊದಲ ರೋಗಿಗಳು ಒಳಗೆ ಬಂದರು. ಅಲ್ಲಿಂದ 1971ರವರೆಗೆ ಅದೇ ಕಟ್ಟಡದಲ್ಲಿ ರೋಗಿಗಳ ಆರೈಕೆ ನಡೆಯಿತು. ಐನೂರು ವರ್ಷಕ್ಕೂ ಜಾಸ್ತಿ! ಈಗ ಅದು ಸಂಗ್ರಹಾಲಯ.

ಬಡವರ ಹತ್ತಿರ ಫೀ ಇಸಿದುಕೊಳ್ಳದೆ ಐನೂರು ವರ್ಷ ಆಸ್ಪತ್ರೆ ನಡೆಯುವುದು ಹೇಗೆ? ದತ್ತಿಯಿಂದ. ಕಟ್ಟಿಸಿದವರು ಬರೀ ಕಟ್ಟಡ ಕೊಡಲಿಲ್ಲ, ವರಮಾನ ಬರುವ ಆಸ್ತಿಯನ್ನೂ ಬಿಟ್ಟರು. ಆಮೇಲೆ ಊರಿನವರು, ಗುಣವಾಗಿ ಹೋದವರು ತಮ್ಮ ತಮ್ಮ ದ್ರಾಕ್ಷಿ ತೋಟಗಳನ್ನು ಆಸ್ಪತ್ರೆಯ ಹೆಸರಿಗೆ ಬರೆದರು. ತೋಟದ ವೈನ್ ಮಾರಿದ ಹಣ ಆಸ್ಪತ್ರೆಗೆ. 1859ರಿಂದ ಆ ವೈನನ್ನು ಹರಾಜು ಹಾಕುತ್ತಾರೆ. ಈಗಲೂ ನವೆಂಬರ್ ತಿಂಗಳ ಮೂರನೇ ಭಾನುವಾರ ಹರಾಜು ನಡೆಯುತ್ತದೆ, ಹಣ ಈಗಿನ ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತದೆ.

ಇದು ನಮಗೆ ತೀರ ಪರಿಚಯದ ವ್ಯವಸ್ಥೆ ಅಲ್ವಾ? ನಮ್ಮ ಶಾಸನಗಳ ತುಂಬ ಇರುವುದು ಇದೇ: ಇಂತಿಷ್ಟು ಮತ್ತರು ಭೂಮಿ, ಇಂಥ ಗುಡಿಗೆ, ಇಂಥ ಕೆಲಸಕ್ಕೆ. ಹಾವೇರಿ ಜಿಲ್ಲೆಯ ಗಡಿ ದಾಟಿದರೆ ಸಿಗುವ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಹೊಗಳುವಾಗ, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಕೊಡುವ ಜಾಗ, ಅನಾಥ ರೋಗಿಗಳಿಗೆ ಔಷಧ ಕೊಡುವ ಜಾಗ ಎಂದು ಹೇಳುತ್ತದೆ. ಬೋನ್ ಆಸ್ಪತ್ರೆ ಶುರುವಾಗಲು ಇನ್ನೂ 281 ವರ್ಷ ಇತ್ತು. ಇನ್ನು ಗದಗ-ಬೆಟಗೇರಿಯಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಕಟ್ಟಿದ ಆಸ್ಪತ್ರೆ ಇದೆ. ಜನರ ಬಾಯಲ್ಲಿ ಅದು ಜರ್ಮನ್ ದವಾಖಾನಿ. ದಾನದ ಹಣದಿಂದ ಔಷಧ ಅನ್ನುವ ಮಾತು ನಮ್ಮ ಕಡೆ ಹೊಸದೇನೂ ಅಲ್ಲ.

ಔಷಧಶಾಲೆಯನ್ನು ನೋಡುವಾಗ ಈ ದುಡ್ಡಿನ ವಿಷಯ ಮನಸ್ಸಿನಲ್ಲಿರಬೇಕು. ಬೋನ್‌ನಲ್ಲಿ ಮೊದಲು ಸಿಗುವುದು ಬಡವರ ದೊಡ್ಡ ಹಜಾರ. ಎರಡೂ ಬದಿಗೆ ಕೆಂಪು ಪರದೆಯ ಮಂಚಗಳ ಸಾಲು. ಒಂದು ಮಂಚದಲ್ಲಿ ಇಬ್ಬರು ರೋಗಿಗಳು ಮಲಗುವುದು ಆಗ ಸಾಮಾನ್ಯವಾಗಿತ್ತು. ಅದನ್ನು ನೋಡಿದ ಮೇಲೆ ಔಷಧದ ಕೋಣೆಗೆ ಬಂದರೆ, ಅಲ್ಲಿನ ಚಂದದ ಭರಣಿಗಳು ಯಾರಿಗಾಗಿ ಇದ್ದವು ಎಂಬುದು ಮರೆಯುವುದಿಲ್ಲ.

ಭರಣಿಯ ಆಕಾರವೇ ಅರ್ಧ ಹೇಳುತ್ತದೆ

ಬೋನ್‌ನ ಔಷಧದ ಕೋಣೆಯಲ್ಲಿ 1782ರ 130 ಭರಣಿಗಳಿವೆ. ಬಿಳಿ ಮೈ, ಮೇಲೆ ಬಣ್ಣದ ಚಿತ್ತಾರ. ಪಿಂಗಾಣಿ ಅಂದುಕೊಳ್ಳುತ್ತೇವೆ, ಆದರೆ ಅದು ಸುಟ್ಟ ಮಣ್ಣು. ಬರೀ ಮಣ್ಣಿನ ಪಾತ್ರೆ ಎಣ್ಣೆ ಕುಡಿಯುತ್ತದೆ, ವಾಸನೆ ಹಿಡಿಯುತ್ತದೆ, ನೀರು ಜಿನುಗಿಸುತ್ತದೆ. ಹಾಗಾಗಿ ತವರದ ಅಂಶವಿರುವ ಬಿಳಿ ಲೇಪ ಕೊಟ್ಟು ಮತ್ತೆ ಸುಡುತ್ತಿದ್ದರು. ಮೈ ಗಾಜಿನಂತೆ ನುಣುಪಾಗುತ್ತಿತ್ತು. ತೊಳೆದರೆ ಹಿಂದಿನ ಔಷಧದ ಜಿಡ್ಡು ಉಳಿಯುತ್ತಿರಲಿಲ್ಲ.

ಯುರೋಪಿನ ಇಂಥ ಸಂಗ್ರಹಗಳಲ್ಲಿ ಎತ್ತರದ ಒಂದು ಭರಣಿ ಮತ್ತೆ ಮತ್ತೆ ಕಾಣುತ್ತದೆ. ಅದರ ನಡು ಡಮರುಗದ ಹಾಗೆ ಒಳಗೆ ಬಾಗಿರುತ್ತದೆ. ಇಕ್ಕಟ್ಟಾಗಿ ಜೋಡಿಸಿದ ಸಾಲಿನಿಂದ ಒಂದನ್ನು ಎತ್ತಬೇಕಾದರೆ ಕೈ ತೂರಿಸಲು ಜಾಗ ಬೇಕಲ್ಲ, ಆ ಜಾಗಕ್ಕಾಗಿ ಈ ಸಣ್ಣ ನಡು. ಬಾಯಿಯ ಸುತ್ತ ಒಂದು ತೋಡು ಇರುತ್ತದೆ. ಹದ ಮಾಡಿದ ತೊಗಲನ್ನು ಬಾಯಿಯ ಮೇಲೆ ಹರಡಿ ಆ ತೋಡಿನಲ್ಲಿ ದಾರ ಬಿಗಿಯುತ್ತಿದ್ದರು. ಇಂಥ ಭರಣಿಯಲ್ಲಿ ಗಟ್ಟಿ ವಸ್ತು ಇಡುತ್ತಿದ್ದರು: ಲೇಹ್ಯ, ಮುಲಾಮು, ಒಣ ಬೇರು. ಕೊಕ್ಕು ಮತ್ತು ಹಿಡಿಕೆ ಇದ್ದರೆ ಅದು ಸುರಿಯುವಂಥದ್ದು, ಅಂದರೆ ಪಾಕ ಅಥವಾ ಎಣ್ಣೆ. ಒಣ ಎಲೆ-ಹೂವಿಗೆ ಮರದ ಪೆಟ್ಟಿಗೆ. ಖಾರವಾದ ಆಮ್ಲಕ್ಕೆ, ಹಾರಿಹೋಗುವ ಸುಗಂಧಕ್ಕೆ ಗಾಜಿನ ಸೀಸೆ.

ಆಮೇಲೆ ಅಕ್ಷರ. ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಲ್ಯಾಟಿನ್ ಪದ, ಅದೂ ಅರ್ಧಕ್ಕೆ ಕತ್ತರಿಸಿದ್ದು. ಮೊದಲ ಪದ ಔಷಧದ ರೂಪವನ್ನು ಹೇಳುತ್ತದೆ, ಎರಡನೆಯದು ಅದು ಯಾವುದರದ್ದು ಅಂತ. 'ಅಕ್ವ' ಅಂದರೆ ನೀರು, ಹೆಚ್ಚಾಗಿ ಬಟ್ಟಿ ಇಳಿಸಿದ ಗುಲಾಬಿ ನೀರಿನಂಥದ್ದು. 'ಓಲಿಯಂ' ಎಣ್ಣೆ. 'ಉಂಗ್ವೆಂಟಂ' ಮುಲಾಮು. 'ಪುಲ್ವಿಸ್' ಪುಡಿ. 'ರಾಡಿಕ್ಸ್' ಬೇರು, 'ಸೆಮೆನ್' ಬೀಜ, 'ಫ್ಲೋರೆಸ್' ಹೂವು, 'ಕಾರ್ಟೆಕ್ಸ್' ತೊಗಟೆ. ಇಷ್ಟನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹೋದರೂ ಸಾಕು, ಕಪಾಟು ಮಾತಾಡಲು ಶುರು ಮಾಡುತ್ತದೆ.

ನಮ್ಮ ಕಡೆಯ ಸಾಮಾನು ಅಲ್ಲಿ

ಈಗ ಎರಡನೇ ಪದಕ್ಕೆ ಬರೋಣ. 'ಜಿಂಜಿಬೆರ್' ಎಂದಿದ್ದರೆ ಶುಂಠಿ. 'ಪೈಪರ್' ಮೆಣಸು. 'ಕರ್ಕ್ಯುಮ' ಅರಿಷಿಣ. 'ತಮರಿಂಡಸ್' ಹುಣಸೆಹಣ್ಣು, ಮಲಬದ್ಧತೆಯ ಲೇಹ್ಯಕ್ಕೆ ಹಾಕುತ್ತಿದ್ದರು. 'ಸೆನ್ನ' ಎಂದರೆ ಸೋನಾಮುಖಿ, ಅದೂ ಅದೇ ಕೆಲಸಕ್ಕೆ. 'ಮೈರೊಬಲನಿ' ಅಳಲೆಕಾಯಿಯ ಜಾತಿ. 'ಕ್ಯಾಂಫೊರ' ಕರ್ಪೂರ. 'ಬೊರಾಕ್ಸ್' ಬಿಳಿಗಾರ. 'ಕಲಮಸ್' ಎಂದಿದ್ದರೆ ಬಜೆ! ನಮ್ಮಲ್ಲಿ ಕೂಸು ಹುಟ್ಟಿದ ಮನೆಯಲ್ಲಿ ಅಜ್ಜಿ ಕಲ್ಲಿನ ಮೇಲೆ ತೇಯುವ ಅದೇ ಬಜೆ ಬೇರು. ಹೊಟ್ಟೆ ಉಬ್ಬರಕ್ಕೆ ಅಲ್ಲಿಯೂ ಅದನ್ನು ಕೊಡುತ್ತಿದ್ದರು.

'ಕಾರ್ಡಮೋಮಮ್' ಏಲಕ್ಕಿ. ಹಾವೇರಿಯವರು ಈ ಲೇಬಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಆದರೆ ಮಲೆನಾಡಿನ, ಉತ್ತರ ಕನ್ನಡ ಜಿಲ್ಲೆಯ ಕಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿ ಬಾವಿ ನೀರಿನಲ್ಲಿ ಅಂಟುವಾಳ, ಸೀಗೆಕಾಯಿ ಹಾಕಿ ತೊಳೆದು, ಒಣಗಿಸಿ, ಬಿಳುಪು ಮಾಡಿ ಮುಂದೆ ಕಳಿಸುತ್ತಿದ್ದರು. 19ನೇ ಶತಮಾನದಲ್ಲಿ ಆ ಕೆಲಸಕ್ಕೆ ಹಾವೇರಿ ಹೆಸರಾಗಿತ್ತು. ಇವತ್ತು ಸಭೆ-ಸಮಾರಂಭಗಳಲ್ಲಿ ಹಾಕುವ ಹಾವೇರಿಯ ಏಲಕ್ಕಿ ಮಾಲೆಯ ಹಿಂದೆ ಇಷ್ಟು ಹಳೆಯ ವ್ಯಾಪಾರ ಇದೆ.

ಈ ಸಾಮಾನೆಲ್ಲ ಅಷ್ಟು ದೂರ ಹೋಗಿದ್ದು ಮೊದಲು ಅರಬ್ಬರ ಕೈಯಿಂದ, ವೆನಿಸ್ ಮೂಲಕ. 1498ರ ನಂತರ ಪೋರ್ಚುಗೀಸರು ನೇರ ಸಮುದ್ರದ ದಾರಿ ಹಿಡಿದರು. ಸರಕಿನ ಜೊತೆ ತಿಳಿವಳಿಕೆಯೂ ಹೋಯಿತು. ಗೋವಾದಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ ಭಾರತದ ಔಷಧ ವಸ್ತುಗಳ ಬಗ್ಗೆ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಇಲ್ಲಿನ ವೈದ್ಯರನ್ನು, ವ್ಯಾಪಾರಿಗಳನ್ನು ಕೇಳಿ ತಿಳಿದದ್ದನ್ನು ಅವನು ಅದರಲ್ಲಿ ದಾಖಲಿಸಿದ. ಅದು ಲ್ಯಾಟಿನ್‌ಗೆ ಬಂದು ಯುರೋಪಿನ ಔಷಧಶಾಲೆಗಳನ್ನು ಮುಟ್ಟಿತು.

ಬೋನ್‌ನ ಗಾಜಿನ ಸೀಸೆಗಳಲ್ಲಿ ಒಂದರ ಹೆಸರು ನಕ್ಸ್ ವೊಮಿಕ. ಅದು ನಮ್ಮ ಕಾಸರಕ, ಕೆಲವರು ಹೆಮ್ಮುಷ್ಟಿ ಅನ್ನುತ್ತಾರೆ. ಘಟ್ಟದ ಕಾಡಿನಲ್ಲಿ ಓಡಾಡಿದವರು ಆ ಮರ ನೋಡಿರುತ್ತಾರೆ. ಹಣ್ಣು ಕಿತ್ತಳೆ ಬಣ್ಣದ್ದು, ಕೈಗೆ ತೆಗೆದುಕೊಳ್ಳಬೇಕು ಅನ್ನಿಸುವಷ್ಟು ಚಂದ. ಒಳಗಿನ ಬೀಜ ಚಪ್ಪಟೆ, ಗುಂಡಗೆ, ಕೋಟಿನ ಗುಂಡಿಯಷ್ಟು ಅಗಲ. ಬಣ್ಣ ಬೂದಿ. ಬೆರಳಿಂದ ಸವರಿದರೆ ರೇಷ್ಮೆಯಂಥ ಸಣ್ಣ ಕೂದಲು ನಡುವಿನಿಂದ ಅಂಚಿಗೆ ಮಲಗಿರುವುದು ತಿಳಿಯುತ್ತದೆ. ಕಹಿ ಅಂದರೆ ಭಯಂಕರ ಕಹಿ. ಪ್ರಮಾಣ ಮೀರಿದರೆ ಮೈ ಸೆಟೆದು, ಸೆಳವು ಬಂದು ಸಾಯಬಹುದು. ಇದೇ ಜಾತಿಯ ಬೀಜಗಳಿಂದ 1818ರಲ್ಲಿ ಫ್ರಾನ್ಸಿನ ಪೆಲೆತಿಯೇ ಮತ್ತು ಕಾವಾಂತು ಎಂಬ ಇಬ್ಬರು ಸ್ಟ್ರಿಕ್ನಿನ್ ಎಂಬ ವಿಷವನ್ನು ಬೇರ್ಪಡಿಸಿದರು. ಇಬ್ಬರೂ ಔಷಧಶಾಲೆಯ ಕಸುಬಿನವರು. ಆಯುರ್ವೇದದಲ್ಲೂ ಇದನ್ನು ಶೋಧನೆ, ಅಂದರೆ ವಿಷ ತಗ್ಗಿಸುವ ಶುದ್ಧಿ, ಮಾಡದೆ ಬಳಸುವುದಿಲ್ಲ. ಇಷ್ಟು ಅಪಾಯದ ವಸ್ತುವನ್ನು ಹಸಿವೆ ಹೆಚ್ಚಲಿ, ನರ ಚುರುಕಾಗಲಿ ಅಂತ ತೂಗಿ ತೂಗಿ ಕೊಡುತ್ತಿದ್ದರು.

ಏಡಿಯ ಕಣ್ಣು, ಹುಳದ ಪುಡಿ

ಬೋನ್‌ಗೆ ಹೋದವರು ಮನೆಗೆ ಬಂದು ಹೇಳುವ ಕಥೆ ಸಾಮಾನ್ಯವಾಗಿ ಇದೇ: ಅಲ್ಲಿ ಹುಳದ ಪುಡಿ ಇದೆ, ಏಡಿಯ ಕಣ್ಣು ಇದೆ ಅಂತ. ಎರಡೂ ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

'ಕಣ್ಣು' ಎನ್ನುವುದು ಬರೀ ಹೆಸರು. ಕ್ರೇಫಿಶ್ ಎಂಬ ಸಿಹಿನೀರಿನ ಪ್ರಾಣಿ ಹಳೆ ಚಿಪ್ಪು ಕಳಚುವ ಮುಂಚೆ ಅದರ ಹೊಟ್ಟೆಯಲ್ಲಿ ಸುಣ್ಣದ ಎರಡು ಸಣ್ಣ ಗುಂಡು ಕಟ್ಟಿಕೊಳ್ಳುತ್ತವೆ. ಹೊಸ ಚಿಪ್ಪಿಗೆ ಬೇಕಾದ ಸುಣ್ಣವನ್ನು ಅದು ಹಾಗೆ ಕೂಡಿಟ್ಟುಕೊಳ್ಳುತ್ತದೆ. ಆ ಗುಂಡುಗಳನ್ನು ಪುಡಿ ಮಾಡಿ ಎದೆಯುರಿಗೆ ಕೊಡುತ್ತಿದ್ದರು. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇವತ್ತು ಆ್ಯಸಿಡಿಟಿಗೆ ಚೀಪುವ ಎಷ್ಟೋ ಮಾತ್ರೆಗಳಲ್ಲಿ ಇರುವುದೂ ಅದೇ. ಅಂದರೆ ರೋಗಿಗೆ ನಿಜವಾಗಿ ಆರಾಮ ಸಿಕ್ಕಿರಬೇಕು.

ಹುಳದ ಪುಡಿ ಹಾಗಲ್ಲ. ಕಲ್ಲು ಎತ್ತಿದರೆ ತೇವದಲ್ಲಿ ಸಿಗುವ, ಹಲವು ಕಾಲಿನ ಸಣ್ಣ ಬೂದು ಹುಳಗಳನ್ನು ಒಣಗಿಸಿ ಪುಡಿ ಮಾಡುತ್ತಿದ್ದರು. ಮೂತ್ರ ಸಲೀಸಾಗುತ್ತದೆ ಎಂಬ ನಂಬಿಕೆ. ಅದು ಕೆಲಸ ಮಾಡುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ.

ಇವೆರಡಕ್ಕೂ ದೊಡ್ಡದು ಥೀರಿಯಾಕ್. ಬೋನ್‌ನಲ್ಲಿ 1760ರ ಒಂದು ದೊಡ್ಡ ಕಂಚಿನ ಒರಳು ಇದೆ. ಕ್ಲೋದ್ ಮೊರೆಲೋ ಎಂಬ ಔಷಧ ತಯಾರಕ ಅದರಲ್ಲಿ ಥೀರಿಯಾಕ್ ಕುಟ್ಟುತ್ತಿದ್ದ. ಅವನ ಚಿತ್ರವೂ ಅಲ್ಲಿದೆ, 1751ರಲ್ಲಿ ಬರೆದದ್ದು. ಥೀರಿಯಾಕ್ ಎಂದರೆ ಜೇನಿನಲ್ಲಿ ಕಲಸಿದ ಲೇಹ್ಯ. ವಿಷಕ್ಕೆ ಮದ್ದು ಎಂದು ಹುಟ್ಟಿದ್ದು. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಪೊಂಟಸ್ ದೇಶದ ದೊರೆ ಮಿಥ್ರಿಡೇಟಿಸ್‌ಗೆ ಯಾರಾದರೂ ವಿಷ ಹಾಕಿಯಾರು ಎಂಬ ಹೆದರಿಕೆ. ಅವನಿಗಾಗಿ ಒಂದು ಮಿಶ್ರಣ ತಯಾರಾಯಿತು. ರೋಮ್‌ನಲ್ಲಿ ನೀರೋ ಚಕ್ರವರ್ತಿಯ ವೈದ್ಯ ಆಂಡ್ರೊಮಾಕಸ್ ಅದಕ್ಕೆ ಹಾವಿನ ಮಾಂಸ ಸೇರಿಸಿದ, ಸಾಮಾನಿನ ಸಂಖ್ಯೆ 64ಕ್ಕೆ ಏರಿತು. ಮೆಣಸು, ಶುಂಠಿ, ದಾಲ್ಚಿನ್ನಿ, ಅಫೀಮು ಎಲ್ಲ ಅದರಲ್ಲಿದ್ದವು. ಬರಬರುತ್ತಾ ಪ್ಲೇಗಿಗೂ ಅದೇ, ಕೆಮ್ಮಿಗೂ ಅದೇ, ಭೇದಿಗೂ ಅದೇ ಆಯಿತು. ಕಲಬೆರಕೆಯ ಅನುಮಾನ ಬರಬಾರದೆಂದು ವೆನಿಸ್‌ನಂಥ ಊರುಗಳಲ್ಲಿ ಜನರ ಕಣ್ಣೆದುರೇ, ಅಧಿಕಾರಿಗಳ ಸಮಕ್ಷಮ ಕುಟ್ಟುತ್ತಿದ್ದರು. 1745ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಇದೆಲ್ಲ ಬುಡವಿಲ್ಲದ್ದು ಎಂದು ಬರೆದ. ಆದರೂ ಫ್ರಾನ್ಸಿನ ಅಧಿಕೃತ ಔಷಧ ಪಟ್ಟಿಯಿಂದ ಅದು 19ನೇ ಶತಮಾನ ಮುಗಿಯುತ್ತಾ ಬಂದರೂ ಹೋಗಿರಲಿಲ್ಲ.

ಕುಡಿದವರಿಗೆ ಏನೂ ಗುಣ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು, ಅಫೀಮಿನಿಂದ. ಅದು ನೋವು ಮರೆಸುತ್ತದೆ, ಕೆಮ್ಮು ತಡೆಯುತ್ತದೆ, ಭೇದಿ ಕಟ್ಟುತ್ತದೆ. ಒಂದರ ಗುಣದ ಹೆಸರು ಮಾತ್ರ ಎಲ್ಲಕ್ಕೂ ಸಿಕ್ಕಿತು. ಹೆಚ್ಚು ಸಾಮಾನು ಹಾಕಿದಷ್ಟೂ ಮದ್ದು ಬಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇನ್ನೂ ಇದೆ. ಅದರಲ್ಲಿ ಯಾವುದು ಕೆಲಸ ಮಾಡಿತು ಅಂತ ಕೇಳುವುದನ್ನು ಕಲಿಯಲು ಮನುಷ್ಯರಿಗೆ ಬಹಳ ಕಾಲ ಬೇಕಾಯಿತು.

ಕಪಾಟಿನಿಂದ ಮಾತ್ರೆಗೆ

ಆ ಪ್ರಶ್ನೆ ಕೇಳಿದವರಲ್ಲಿ ಹಲವರು ಔಷಧಶಾಲೆಯ ಒಳಗಿನವರೇ. ಜರ್ಮನಿಯಲ್ಲಿ ಸೆರ್ಟ್ಯುರ್ನರ್ ಎಂಬ ಯುವಕ ಔಷಧಶಾಲೆಯಲ್ಲಿ ಸಹಾಯಕನಾಗಿದ್ದ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಅವನು ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ. ಮೇಲೆ ಹೇಳಿದ ಪೆಲೆತಿಯೇ, ಕಾವಾಂತು 1820ರಲ್ಲಿ ಸಿಂಕೋನ ತೊಗಟೆಯಿಂದ ಕ್ವಿನೈನ್ ತೆಗೆದರು. ಅದೇ ಕ್ವಿನೈನ್ ಮುಂದೆ ನಮ್ಮ ಮಲೇರಿಯಾ ಸೀಮೆಗಳಲ್ಲಿ ಎಷ್ಟೋ ಜೀವ ಉಳಿಸಿತು. ಅಲ್ಲಿಯವರೆಗೆ ತೊಗಟೆಯ ಪುಡಿಯನ್ನೇ ಕೊಡುತ್ತಿದ್ದರು. ಒಂದು ಮರದ ತೊಗಟೆಯಲ್ಲಿ ಸತ್ವ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಸತ್ವವನ್ನೇ ಬೇರೆ ಮಾಡಿದ ಮೇಲೆ ಇಷ್ಟೇ ತೂಕ ಎಂದು ಹೇಳಲು ಬಂತು.

ತೂಕದ ಮಾತು ಬಂತಲ್ಲ, ಒರಳಿನ ಪಕ್ಕದಲ್ಲಿ ಇಡುವ ಸಣ್ಣ ತಕ್ಕಡಿಯನ್ನೂ ನೋಡಿ. ಅದರ ಅತಿ ಸಣ್ಣ ತೂಕ ಗ್ರೇನ್, ಅಂದರೆ ಒಂದು ಧಾನ್ಯದ ಕಾಳು. ಇಂಗ್ಲಿಷ್ ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು, ವೈದ್ಯರು ತೂಗಲು ಇಟ್ಟುಕೊಂಡಿದ್ದ ಗುಲಗಂಜಿ ಸುಮಾರು 120 ಮಿಲಿಗ್ರಾಂ. ಕಾಸರಕದಂಥ ವಸ್ತು ಕೈಯಲ್ಲಿದ್ದಾಗ ತೂಕ ತಪ್ಪಿದರೆ ಒಂದು ಜೀವವೇ ಹೋಗಬಹುದಿತ್ತು.

ಹೋಗುವ ಮುಂಚೆ, ಬಂದ ಮೇಲೆ

ಬೋನ್‌ಗೆ ಪ್ಯಾರಿಸ್‌ನಿಂದ ರೈಲಿನಲ್ಲಿ ದಿಜೋನ್ ಊರಿಗೆ ಬಂದು, ಅಲ್ಲಿಂದ ಸ್ಥಳೀಯ ರೈಲು ಹಿಡಿದರೆ ಆಯಿತು. ಔಷಧದ ಕೋಣೆಯಲ್ಲಿ ಭರಣಿಗಳನ್ನು ಒಟ್ಟಿಗೆ ಫೋಟೋ ತೆಗೆಯುವುದಕ್ಕಿಂತ ಲೇಬಲ್ ಕಾಣುವಂತೆ ಒಂದೊಂದನ್ನೇ ತೆಗೆಯಿರಿ. ಸಂಜೆ ಮಕ್ಕಳ ಜೊತೆ ಕೂತು ಓದಬಹುದು. ಅಜ್ಜಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮೊಮ್ಮಕ್ಕಳು ಪದ ಓದುತ್ತಾರೆ, ಅದರ ಗುಣ ಅಜ್ಜಿ ಹೇಳುತ್ತಾರೆ. ಆದರೆ ಅಲ್ಲಿ ಕಂಡ ಮದ್ದನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ. ಪಾದರಸದ ಮುಲಾಮು, ಸೀಸದ ಪುಡಿ, ಕಾಸರಕ ಎಲ್ಲವೂ ಅದೇ ಕಪಾಟಿನಲ್ಲಿ ಇರುತ್ತಿದ್ದವು.

ನಮ್ಮ ಕಡೆಯ ಹಳೆ ಮನೆಗಳಲ್ಲೂ ಇಂಥ ಸಾಮಾನು ಇದೆ. ಯಾರದೋ ಅಜ್ಜ ನಾಟಿ ವೈದ್ಯರಾಗಿದ್ದರು, ಯಾರದೋ ಮಾವ ಕಂಪೌಂಡರ್ ಆಗಿದ್ದರು. ಅಟ್ಟದ ಮೇಲೆ ಒರಳು, ಸಣ್ಣ ತಕ್ಕಡಿ, ಬೂಚು ಹಾಕಿದ ಸೀಸೆ, ಯಾವ ಊರಿನ ಯಾರಿಗೆ ಏನು ಕೊಟ್ಟರು ಅಂತ ಬರೆದ ವಹಿ. ಮನೆ ಕೆಡವುವಾಗ ಇವು ಗುಜರಿಗೆ ಹೋಗುತ್ತವೆ. ನನಗೆ ಅತಿ ಸಂಕಟ ಆಗುವುದು ವಹಿ ರದ್ದಿಗೆ ಹೋದಾಗ. ಒರಳು ಇನ್ನೊಂದು ಸಿಗುತ್ತದೆ, ಆ ಬರಹ ಸಿಗುವುದಿಲ್ಲ.

ಸಿಕ್ಕಿದರೆ ಹೀಗೆ ಮಾಡಿ. ಸೀಸೆಯನ್ನು ಸೋಪು ಹಚ್ಚಿ ತಿಕ್ಕಬೇಡಿ, ಲೇಬಲ್ ಹೋದರೆ ಸೀಸೆಯ ಅರ್ಥವೇ ಹೋಗುತ್ತದೆ. ಮುಚ್ಚಳ ತೆಗೆದು ಮೂಸಬೇಡಿ. ಒಳಗೆ ಕೆಂಪು ಪುಡಿ ಇದ್ದರೆ ಅದು ಇಂಗಳೀಕ ಇರಬಹುದು, ಅಂದರೆ ಪಾದರಸದ ಅದಿರು. ಚರಂಡಿಗೆ ಚೆಲ್ಲಬೇಡಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಿ, ಔಷಧ ಕಾಲೇಜಿನ ರಸಾಯನದ ಮೇಷ್ಟ್ರಿಗೆ ಒಮ್ಮೆ ತೋರಿಸಿ. ಎಲ್ಲಿ ಸಿಕ್ಕಿತು, ಯಾರದಾಗಿತ್ತು ಅಂತ ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಜೊತೆಗಿಡಿ. ಓಲೆಗರಿ, ಕಡತ, ಹಳೆ ವಹಿ ಇದ್ದರೆ ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನಾ ಸಂಸ್ಥೆಯನ್ನು ಕೇಳಬಹುದು. ಕೊಡಲು ಮನಸ್ಸಿಲ್ಲದಿದ್ದರೆ ಪುಟ ಪುಟವಾಗಿ ಫೋಟೋ ತೆಗೆದಾದರೂ ಇಟ್ಟುಕೊಳ್ಳಿ. ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಆ ಕೈಬರಹವನ್ನು ಅವರ ಮುಂದೆ ಹಿಡಿದು ಈಗಲೇ ಓದಿಸಿಕೊಳ್ಳಿ. ಹಿಂದೆ ಮರಾಠಿ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಮೋಡಿ ಅಕ್ಷರದಲ್ಲಿ ಬರೆದಿದ್ದರಂತೂ ಓದಬಲ್ಲವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ.